ದಿನಕ್ಕೆ ಎರಡಾಣೆಯ ತರಬೇತಿ

(ಮಂಗಳೂರಿನಲ್ಲಿ ಸಣ್ಣ ಉದ್ದಿಮೆಗಳ ಮಾಲೀಕರು ಮತ್ತು ಸೂಪರ್‌ವೈಸರ್‌ಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಗೇರುಬೀಜದ ಕಾರ್ಖಾನೆಯಲ್ಲಿ ತಿರುಳನ್ನು ಗಾತ್ರ, ಬಣ್ಣ ನೋಡಿ ಬೇರ್ಪಡಿಸುವ ಗ್ರೇಡಿಂಗ್ ಕೋಣೆಯಿಂದ ಶುರು ಮಾಡೋಣ. ನಿಮ್ಮಲ್ಲಿ ಹಲವರಿಗೆ ಅದು ಪರಿಚಯದ ಜಾಗ. ಪಿಯುಸಿ ಮುಗಿಸಿದ ಹತ್ತೊಂಬತ್ತರ ಹುಡುಗಿಯೊಬ್ಬಳು ಸೋಮವಾರ ಕೆಲಸಕ್ಕೆ ಸೇರಿದ್ದಾಳೆ ಅಂತಿಟ್ಟುಕೊಳ್ಳಿ. ಮೇಜಿನ ಮೇಲೆ ತಿರುಳಿನ ರಾಶಿ. ಪಕ್ಕದಲ್ಲಿ ಕೂತ ಹಿರಿಯಾಕೆ ಎರಡು ತಿರುಳು ಎತ್ತಿ ತೋರಿಸುತ್ತಾಳೆ. "ಇದು ಇನ್ನೂರ ನಲವತ್ತು, ಇದು ಮುನ್ನೂರ ಇಪ್ಪತ್ತು. ನೋಡ್ತಾ ನೋಡ್ತಾ ಗೊತ್ತಾಗ್ತದೆ." ತರಬೇತಿ ಅಲ್ಲಿಗೆ ಮುಗಿಯಿತು. ಮೂರನೇ ವಾರ ಹುಡುಗಿ ಬರುವುದಿಲ್ಲ. "ಈಗಿನವರಿಗೆ ತಾಳ್ಮೆಯೇ ಇಲ್ಲ ಮಾರಾಯ್ರೇ" ಎಂಬ ತೀರ್ಮಾನ ಹೊರಬೀಳುತ್ತದೆ.

ಆ ಹುಡುಗಿಯ ಕಣ್ಣಿನಿಂದ ಒಮ್ಮೆ ನೋಡಿ. ಡಬ್ಲ್ಯು 240 ಅಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, 220ರಿಂದ 240 ಇಡೀ ತಿರುಳು. ಡಬ್ಲ್ಯು 320 ಅಂದರೆ 300ರಿಂದ 320. ಭಾಗಿಸಿ ನೋಡಿದರೆ ಮೊದಲನೆಯದರ ಒಂದು ತಿರುಳು ಸುಮಾರು ಎರಡು ಗ್ರಾಂ, ಎರಡನೆಯದು ಸುಮಾರು ಒಂದೂವರೆ. ಅರ್ಧ ಗ್ರಾಮಿನ ವ್ಯತ್ಯಾಸವನ್ನು ಕಣ್ಣಿನಲ್ಲೇ ಹಿಡಿಯಬೇಕು, ಅದೂ ಕೈ ನಿಲ್ಲಿಸದೆ. ಇದರ ಜೊತೆಗೆ ತುಸು ಕಂದಿದ್ದನ್ನು ಬೇರೆ ಮಾಡಬೇಕು, ಸೀಳಿದ್ದನ್ನು ಬೇರೆ ಮಾಡಬೇಕು. ಇಷ್ಟೆಲ್ಲವನ್ನೂ ಎರಡು ತಿರುಳು ತೋರಿಸಿ ಕಲಿಸಲಾಗದು.

ಹಾಗಾದರೆ ಆ ಹಿರಿಯಾಕೆ ಹೇಗೆ ಕಲಿತಳು? ಬಹಳ ಸಲ ಹೀಗಿರುತ್ತದೆ: ಅವಳು ಸೇರಿದ್ದು ಚಿಕ್ಕಮ್ಮನ ಜೊತೆಗೋ ನೆರೆಮನೆಯ ಅಕ್ಕನ ಜೊತೆಗೋ. ಮೊದಲು ತಿರುಳಿನ ಸಿಪ್ಪೆ ತೆಗೆಯುವ ಪೀಲಿಂಗಿನಲ್ಲಿ ಕೂತಳು. ಎದುರಿನ ಸಾಲಿನಲ್ಲಿ ನಡೆಯುತ್ತಿದ್ದ ಗ್ರೇಡಿಂಗನ್ನು ತಿಂಗಳುಗಟ್ಟಲೆ ನೋಡಿದಳು. ತಪ್ಪಿದಾಗ ಮನೆಗೆ ನಡೆಯುವ ದಾರಿಯಲ್ಲಿ ಅಕ್ಕ ಹೇಳಿಕೊಟ್ಟಳು. ಆ ದಾರಿಯ ಮಾತೇ ತರಬೇತಿ. ಯಾವ ರಿಜಿಸ್ಟರಿನಲ್ಲೂ ಅದು ಬರೆದಿಲ್ಲ, ಯಾರೂ ಅದಕ್ಕೆ ಖರ್ಚು ಹಾಕಿಲ್ಲ. ಈಗ ಹುಡುಗಿ ಬಸ್ಸಿನಲ್ಲಿ ಒಬ್ಬಳೇ ಬರುತ್ತಾಳೆ, ನಮಗೋ ಎಂಟನೇ ದಿನಕ್ಕೆ ಕೈ ಓಡಬೇಕು. ಹಳೆಯ ಕಲಿಕೆಯ ಸಮಯವನ್ನು ಕಿತ್ತುಕೊಂಡು, ಹಳೆಯ ಫಲಿತಾಂಶವನ್ನು ಮಾತ್ರ ಕೇಳುತ್ತಿದ್ದೇವೆ.

1997ರಿಂದ ಈಚೆಗೆ ಹುಟ್ಟಿದವರನ್ನು ಜೆನ್ ಝೀ ಎಂದು ಹೆಸರಿಟ್ಟು ಕರೆಯುವ ರೂಢಿ ಬಂದಿದೆ. ಅವರ ಸ್ವಭಾವ ಹೀಗೆ, ಗಮನ ಹಾಗೆ ಎನ್ನುವ ಮಾತುಗಳನ್ನು ನಾನು ಇವತ್ತು ಬದಿಗಿಡುತ್ತೇನೆ. ಬಂಟ್ವಾಳದ ಹಳ್ಳಿಯಿಂದ ಬರುವ ಐಟಿಐ ಹುಡುಗನೂ ಮಣಿಪಾಲದಲ್ಲಿ ಪದವಿ ಓದಿದ ಹುಡುಗಿಯೂ ಒಂದೇ ವರ್ಷ ಹುಟ್ಟಿದರು ಎಂಬ ಕಾರಣಕ್ಕೆ ಒಂದೇ ರೀತಿ ಕಲಿಯುವುದಿಲ್ಲ. ನೋಡಬೇಕಾದದ್ದು ಅವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎನ್ನುವುದನ್ನು. ಅದನ್ನು ಮೊದಲ ದಿನ ಇಪ್ಪತ್ತು ನಿಮಿಷದಲ್ಲಿ ತಿಳಿಯಬಹುದು. ವರ್ಕ್‌ಶಾಪ್ ಆದರೆ ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟು ಮೂರು ಅಳತೆ ಬರೆಸಿ. ಆಫೀಸ್ ಆದರೆ ಒಂದು ಈಮೇಲ್ ಕಳಿಸಲು, ಒಂದು ಫೈಲನ್ನು ಹೇಳಿದ ಫೋಲ್ಡರಿನಲ್ಲಿ ಉಳಿಸಲು, ಎಕ್ಸೆಲ್‌ನಲ್ಲಿ ಹತ್ತು ಸಾಲು ಕೂಡಿಸಲು ಹೇಳಿ. ಫೋನಿನಲ್ಲಿ ಮಿಂಚಿನಂತೆ ಬೆರಳಾಡಿಸುವ ಹುಡುಗನಿಗೆ ಫೋಲ್ಡರ್ ಎಂದರೇನು ಎಂದೇ ಗೊತ್ತಿಲ್ಲದಿರಬಹುದು. ಫೋನಿನಲ್ಲಿ ಫೈಲ್ ತಾನಾಗಿ ಎಲ್ಲೋ ಕೂರುತ್ತದೆ, ಹುಡುಕಿದರೆ ಸಿಗುತ್ತದೆ, ಇಡುವ ಜಾಗ ಯಾವುದೆಂದು ಯೋಚಿಸುವ ಸಂದರ್ಭವೇ ಅವನಿಗೆ ಬಂದಿಲ್ಲ. "ಕಂಪ್ಯೂಟರ್ ಬರ್ತದಾ?" ಎಂದು ಕೇಳಿದರೆ "ಬರ್ತದೆ ಸರ್" ಎಂದೇ ಹೇಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ.

ಈಗ ಉಡುಪಿಯ ಒಂದು ಹಳೆಯ ವಿಷಯ. 1925ರಲ್ಲಿ ಅಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತ. ಅದನ್ನು ಕಟ್ಟಲು ಬ್ಯಾಂಕಿಗೆ ಹೋಗಬೇಕಾಗಿರಲಿಲ್ಲ, ಏಜೆಂಟ್ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಿದ್ದ. ಇಡುಗಂಟು ಇಲ್ಲದವರು ಉಳಿತಾಯ ಮಾಡಿದ್ದು ಹಾಗೆ. ನಾನು ಹೇಳಲು ಬಂದಿರುವ ವಿಷಯವೂ ಇಷ್ಟೇ: ಎಳೆಯರಿಗೆ ಕೊಡುವ ತರಬೇತಿ ಪಿಗ್ಮಿಯ ಹಾಗಿರಬೇಕು. ಸ್ವಲ್ಪ ಸ್ವಲ್ಪ, ದಿನಾ, ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ. ನಾವು ಮಾಡುತ್ತಿರುವುದು ತದ್ವಿರುದ್ಧ. ಮೊದಲ ದಿನ ಸಭಾಂಗಣದಲ್ಲಿ ಆರು ಗಂಟೆ ಕೂರಿಸಿ ಇಡುಗಂಟನ್ನು ಒಂದೇ ಸಲ ತಲೆಗೆ ಸುರಿಯುತ್ತೇವೆ. ಕಂಪನಿಯ ಇತಿಹಾಸ, ರಜೆಯ ನಿಯಮ, ಪಿಎಫ್, ಸುರಕ್ಷತೆ, ಗುಣಮಟ್ಟ, ಕೊನೆಗೆ ಒಂದು ಸಹಿ. ಆ ಸಹಿಯಿಂದ ಆಡಿಟ್‌ಗೆ ಒಂದು ಕಾಗದ ಸಿಕ್ಕಿತು ಅಷ್ಟೇ.

ಮರೆವಿನ ಲೆಕ್ಕ ಹಳೆಯದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅದನ್ನು ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ತನ್ನ ಮೇಲೆಯೇ ಅಳೆದುಕೊಂಡ. ನೆನಪು ಮೊದಲ ಗಂಟೆಗಳಲ್ಲಿ ಧಡಕ್ಕನೆ ಇಳಿಯುತ್ತದೆ, ಆಮೇಲೆ ಇಳಿಯುವುದು ನಿಧಾನವಾಗುತ್ತದೆ. ಒಂದೇ ಕೂತಿನಲ್ಲಿ ಹತ್ತು ಸಲ ಓದುವುದಕ್ಕಿಂತ ಅಷ್ಟೇ ಓದನ್ನು ದಿನಗಳ ಮೇಲೆ ಹರಡಿದರೆ ಹೆಚ್ಚು ಉಳಿಯುತ್ತದೆ. ಇದು ಇಪ್ಪತ್ತರ ಹುಡುಗನಿಗೂ ಐವತ್ತರ ಮ್ಯಾನೇಜರಿಗೂ ಒಂದೇ.

ಇದನ್ನು ಕೆಲಸಕ್ಕೆ ಇಳಿಸುವುದು ಹೀಗೆ. ಮೊದಲ ದಿನದ ಮಾಹಿತಿಯಲ್ಲಿ ಆ ದಿನವೇ ಬೇಕಾದದ್ದನ್ನು ಮಾತ್ರ ಇಟ್ಟುಕೊಳ್ಳಿ: ಶೌಚಾಲಯ ಎಲ್ಲಿ, ಊಟ ಎಷ್ಟು ಹೊತ್ತಿಗೆ, ಬೆಂಕಿ ಬಿದ್ದರೆ ಯಾವ ಬಾಗಿಲು, ಯಾವ ಯಂತ್ರ ಮುಟ್ಟಬಾರದು, ಸಂದೇಹ ಬಂದರೆ ಯಾರನ್ನು ಕೇಳಬೇಕು. ಒಂದೂವರೆ ಗಂಟೆಗಿಂತ ಹೆಚ್ಚು ಬೇಡ. ಉಳಿದದ್ದನ್ನು ಹತ್ತು ಹದಿನೈದು ನಿಮಿಷದ ತುಂಡು ಮಾಡಿ ದಿನಕ್ಕೊಂದು ಕೊಡಿ. ಕಲಿಸಿದ ಪ್ರತಿಯೊಂದನ್ನೂ ಮರುದಿನ, ನಾಲ್ಕನೇ ದಿನ, ವಾರಕ್ಕೆ, ಹದಿನೈದು ದಿನಕ್ಕೆ, ತಿಂಗಳಿಗೆ ಒಮ್ಮೆ ಕೇಳಿ. ಕೇಳಿ ಎಂದೆ, ಮತ್ತೆ ಹೇಳಿ ಎನ್ನಲಿಲ್ಲ. ಎರಡನೇ ಸಲ ನೀವೇ ಹೇಳಿದರೆ ಅವನು ತಲೆ ಅಲ್ಲಾಡಿಸುತ್ತಾನೆ. ಅವನೇ ನೆನಪಿಸಿಕೊಂಡು ಹೇಳಿದರೆ, ಅಥವಾ ಮಾಡಿದರೆ, ಅದು ಒಳಗೆ ಕೂರುತ್ತದೆ. ಎರಡು ನಿಮಿಷದ ಪ್ರಶ್ನೆ ಸಾಕು.

ಪ್ರಶ್ನೆ ಎಂದಾಗ ಇನ್ನೊಂದು ಮಾತು. ನಮ್ಮ ಊರಿನ ಸೂಪರ್‌ವೈಸರುಗಳ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಪ್ರಶ್ನೆ, "ಗೊತ್ತಾಯ್ತಲ್ಲ? ಎಂತ ಡೌಟ್ ಉಂಟಾ?" ಉತ್ತರವೂ ನಿಶ್ಚಿತ: "ಇಲ್ಲ ಸರ್." ಗೊತ್ತಾಗಿಲ್ಲ ಎಂದು ಹತ್ತು ಜನರ ಮುಂದೆ ಒಪ್ಪಿಕೊಳ್ಳುವ ಧೈರ್ಯ ಹೊಸಬನಿಗೆ ಎಲ್ಲಿಂದ ಬರಬೇಕು? "ಈಗ ನೀನು ಮಾಡಿ ತೋರಿಸು, ಮಾಡ್ತಾ ಮಾಡ್ತಾ ನಂಗೆ ಹೇಳು" ಎಂದು ಕೇಳಿದರೆ ಗೊತ್ತಿದೆಯೋ ಇಲ್ಲವೋ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಮಾಡಿ ತೋರಿಸುವುದಕ್ಕೂ ಒಂದು ಕ್ರಮ ಇದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಕಾರ್ಖಾನೆಯ ಮುಖವನ್ನೇ ನೋಡದ ರೈತರು, ಹೆಂಗಸರು, ಹುಡುಗರು ಸಾಲುಸಾಲಾಗಿ ಯುದ್ಧಸಾಮಗ್ರಿಯ ಕಾರ್ಖಾನೆಗಳಿಗೆ ಬಂದರು. ಕಲಿಸಲು ಸಮಯ ಇರಲಿಲ್ಲ. 1940ರಲ್ಲಿ ಅಲ್ಲಿನ ಸರ್ಕಾರ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಎಂಬ ಕಾರ್ಯಕ್ರಮ ಶುರು ಮಾಡಿತು. ಅದು ಕಾರ್ಮಿಕರಿಗೆ ನೇರವಾಗಿ ಕಲಿಸಲಿಲ್ಲ, ಕಲಿಸುವುದು ಹೇಗೆ ಎಂದು ಸೂಪರ್‌ವೈಸರುಗಳಿಗೆ ಕಲಿಸಿತು. ಎರಡೆರಡು ಗಂಟೆಯ ಐದು ಪಾಠ, ಒಟ್ಟು ಹತ್ತು ಗಂಟೆ. ಯುದ್ಧದ ನಂತರ ಅದು ಜಪಾನಿಗೆ ಹೋಗಿ ಅಲ್ಲಿ ಗಟ್ಟಿಯಾಗಿ ಬೇರೂರಿತು. ಅದರ ಒಂದು ವಾಕ್ಯವನ್ನು ನಿಮ್ಮ ತರಬೇತಿ ಕೋಣೆಯ ಗೋಡೆಯಲ್ಲಿ ಬರೆಸಬಹುದು: ಕೆಲಸಗಾರ ಕಲಿತಿಲ್ಲವೆಂದರೆ ಕಲಿಸುವವನು ಕಲಿಸಿಲ್ಲ.

ಅದರ ವಿಧಾನ ನಾಲ್ಕು ಹೆಜ್ಜೆ. ಮೊದಲು ಕಲಿಯುವವನ ಭಯ ಬಿಡಿಸಿ, ಅವನಿಗೆ ಈಗಾಗಲೇ ಏನು ಗೊತ್ತು ಎಂದು ಕೇಳಿ, ನೀವು ಕೆಲಸ ಮಾಡುವಾಗ ನಿಮ್ಮ ಕೈ ಕಾಣುವ ಹಾಗೆ ಅವನನ್ನು ನಿಲ್ಲಿಸಿ. ಎದುರು ನಿಂತರೆ ಎಡ ಬಲ ಅದಲುಬದಲಾಗುತ್ತದೆ, ಪಕ್ಕದಲ್ಲಿ ನಿಲ್ಲಿಸಿ. ಎರಡನೆಯದು ತೋರಿಸುವುದು, ಅದೂ ಮೂರು ಸಲ. ಮೊದಲ ಸಲ ಹಂತಗಳನ್ನು ಮಾತ್ರ ಹೇಳುತ್ತಾ. ಎರಡನೇ ಸಲ ಪ್ರತಿ ಹಂತದಲ್ಲಿ ಜಾಗ್ರತೆ ಬೇಕಾದ ಜಾಗವನ್ನು ಹೇಳುತ್ತಾ. ಮೂರನೇ ಸಲ ಆ ಜಾಗ್ರತೆ ಏಕೆ ಎಂದು ಹೇಳುತ್ತಾ. ಎಲ್ಲವನ್ನೂ ಒಂದೇ ಸಲ ಹೇಳುವುದೇ ನಮ್ಮಲ್ಲಿ ಆಗುವ ದೊಡ್ಡ ತಪ್ಪು. ಮೂರನೇ ಹೆಜ್ಜೆಯಲ್ಲಿ ಅವನು ಮಾಡಬೇಕು: ಒಮ್ಮೆ ಸುಮ್ಮನೆ, ಆಮೇಲೆ ಹಂತ ಹೇಳುತ್ತಾ, ಜಾಗ್ರತೆ ಹೇಳುತ್ತಾ, ಕಾರಣ ಹೇಳುತ್ತಾ. ತಪ್ಪಿದರೆ ಆ ಕ್ಷಣವೇ ಕೈ ಹಿಡಿದು ಸರಿಪಡಿಸಬೇಕು, ಯಾಕೆಂದರೆ ತಪ್ಪನ್ನೇ ನಾಲ್ಕು ಸಲ ಮಾಡಿದರೆ ಕೈ ಅದನ್ನೇ ಕಲಿಯುತ್ತದೆ. ನಾಲ್ಕನೆಯದು ಅವನನ್ನು ಕೆಲಸಕ್ಕೆ ಬಿಟ್ಟು, ಮೊದಲು ಆಗಾಗ, ಆಮೇಲೆ ಅಪರೂಪಕ್ಕೆ ಹೋಗಿ ನೋಡುವುದು.

ಇದಕ್ಕೆ ಮುಂಚೆ ಕೆಲಸವನ್ನು ಬಿಡಿಸಿ ಬರೆದಿರಬೇಕು. ಒಂದೇ ಹಾಳೆ, ಮೂರು ಕಾಲಂ: ಹಂತ, ಜಾಗ್ರತೆ, ಏಕೆ. ಹೋಟೆಲಿನ ದೋಸೆ ಕಾವಲಿಯನ್ನೇ ತೆಗೆದುಕೊಳ್ಳಿ. ಹಂತ: ಕಾವಲಿಗೆ ನೀರು ಚಿಮುಕಿಸಿ ಒರೆಸುವುದು. ಜಾಗ್ರತೆ: ನೀರು ಚುಂಯ್ ಎಂದು ತಕ್ಷಣ ಆರಬೇಕು, ಎಣ್ಣೆಯ ಜಿಡ್ಡು ಉಳಿಯಬಾರದು. ಏಕೆ: ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಬಿದ್ದ ಕೂಡಲೇ ಗಟ್ಟಿಯಾಗುತ್ತದೆ, ಸೌಟಿಗೆ ಅಂಟಿ ಎದ್ದು ಬರುತ್ತದೆ, ದೋಸೆ ಹರಿಯುತ್ತದೆ. ನೀರು ಮೇಲ್ಮೈಯ ಬಿಸಿಯನ್ನು ಇಳಿಸುತ್ತದೆ. ಜಿಡ್ಡಿದ್ದರೆ ಹಿಟ್ಟು ಜಾರುತ್ತದೆ, ತೆಳ್ಳಗೆ ಹರಡುವುದಿಲ್ಲ. ಈ "ಏಕೆ" ಗೊತ್ತಿರುವ ಹುಡುಗ ಗ್ಯಾಸಿನ ಉರಿ ಹೆಚ್ಚು ಕಡಿಮೆಯಾದ ದಿನ ತಾನೇ ಸುಧಾರಿಸಿಕೊಳ್ಳುತ್ತಾನೆ. "ನೀರು ಹಾಕು" ಎಂದಷ್ಟೇ ಕಲಿತವನು ಕಾವಲಿ ತಣ್ಣಗಿದ್ದರೂ ನೀರು ಹಾಕುತ್ತಾನೆ.

ಒಂದು ಹಾಳೆಯಲ್ಲಿ ಏಳು ಹಂತಕ್ಕಿಂತ ಹೆಚ್ಚಾದರೆ ಅದು ಎರಡು ಕೆಲಸ ಎಂದು ತಿಳಿದು ಎರಡು ಹಾಳೆ ಮಾಡಿ. ಬರೆಯುವವರು ಆಫೀಸಿನಲ್ಲಿ ಕೂತು ಬರೆಯಬಾರದು, ಕೆಲಸ ಮಾಡುವವರ ಪಕ್ಕ ನಿಂತು ಬರೆಯಬೇಕು. ಇಪ್ಪತ್ತು ವರ್ಷ ಮಾಡಿದವರಿಗೆ ತಮ್ಮ ಕೈ ಏನು ಮಾಡುತ್ತದೆ ಎನ್ನುವುದು ತಮಗೇ ಗೊತ್ತಿರುವುದಿಲ್ಲ. ಕೇಳಿದರೆ ಅರ್ಧ ಹಂತ ಬಿಟ್ಟು ಹೇಳುತ್ತಾರೆ.

ಎಳೆಯರು "ಯಾಕೆ" ಎಂದು ಕೇಳುವುದು ಉದ್ಧಟತನ ಎಂದು ಕೆಲವರಿಗೆ ಕೋಪ ಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಕಾರಣ ಕೇಳುವವನೇ ಅಪಾಯದಿಂದ ಉಳಿಯುವವನು. ತಿರುಗುವ ಯಂತ್ರದ ಹತ್ತಿರ ಉಂಗುರ, ಕೈದಾರ, ದುಪ್ಪಟ್ಟಾ ಬೇಡ ಎಂದು ಬರೀ ನಿಯಮ ಹೇಳಿದರೆ ಮೇಲಿನವರು ನೋಡುವಾಗ ಮಾತ್ರ ತೆಗೆಯುತ್ತಾರೆ. ಬೆಲ್ಟ್ ಬಟ್ಟೆಯ ತುದಿಯನ್ನು ಹಿಡಿದರೆ ಕೈ ಎಳೆದುಕೊಳ್ಳಲು ಸಮಯವೇ ಸಿಗುವುದಿಲ್ಲ ಎನ್ನುವುದನ್ನು ಒಂದು ತುಂಡು ಹಳೆ ಬಟ್ಟೆಯ ಮೂಲಕ, ಗಾರ್ಡ್ ತೆಗೆಯದೆ, ದೂರದಿಂದ ವಿವರಿಸಿ. ಮತ್ತೆ ಹೇಳಬೇಕಾಗುವುದಿಲ್ಲ. ಗೇರು ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ ಎಂಬುದೂ ಹಾಗೆ. ಮೊದಲು ತಿಳಿಯುವುದಿಲ್ಲ, ಆಮೇಲೆ ಗುಳ್ಳೆ ಏಳುತ್ತದೆ. ಆದ್ದರಿಂದ ಬೀಜ ಒಡೆಯುವ ಕಟ್ಟಿಂಗಿಗೆ ಕೂರುವ ಮುಂಚೆಯೇ ಕೈಗೆ ಎಣ್ಣೆ ಹಚ್ಚಬೇಕು ಅಥವಾ ಗ್ಲೌಸ್ ಹಾಕಬೇಕು, ಅದೇ ಕೈಯಲ್ಲಿ ಮುಖ ಕಣ್ಣು ಮುಟ್ಟಬಾರದು. 1948ರ ಕಾರ್ಖಾನೆ ಕಾಯ್ದೆಯನ್ನು ಬರೆದವರಿಗೇ ಇದರ ಅರಿವಿತ್ತು. ಅಪಾಯವನ್ನು ಪೂರ್ತಿ ವಿವರಿಸದೆ, ಜೊತೆಗೆ ಸಾಕಷ್ಟು ತರಬೇತಿಯೋ ಬಲ್ಲವರ ಮೇಲ್ವಿಚಾರಣೆಯೋ ಇಲ್ಲದೆ ಎಳೆಯರನ್ನು ಅಪಾಯದ ಯಂತ್ರಕ್ಕೆ ಹಾಕಬಾರದು ಎಂದು ಅದರ 23ನೇ ಕಲಮಿನಲ್ಲಿ ಬರೆದರು. ಆ ಕಾಯ್ದೆಯಲ್ಲಿ ಅದು ಹದಿನೆಂಟು ತುಂಬದವರ ಬಗ್ಗೆ ಇತ್ತು. ನನ್ನ ಮಟ್ಟಿಗೆ ಹದಿನೆಂಟು ತುಂಬಿದ ಮರುದಿನ ಯಂತ್ರದ ಹಲ್ಲು ಮೊಂಡಾಗುವುದಿಲ್ಲ. ಹೊಸಬರಿಗೆ ಪೆಟ್ಟಾಗುವ ಸಂಭವ ಮೊದಲ ತಿಂಗಳಲ್ಲೇ ಹೆಚ್ಚು. ಮೊದಲ ಮೂವತ್ತು ದಿನ ಯಾರನ್ನೂ ಒಂಟಿಯಾಗಿ ರಾತ್ರಿ ಪಾಳಿಗೆ ಹಾಕಬೇಡಿ.

ಮತ್ತೆ ಗ್ರೇಡಿಂಗ್ ಮೇಜಿಗೆ ಬರೋಣ. ಕಣ್ಣಿಗೆ ತರಬೇತಿ ಕೊಡುವುದಕ್ಕೆ ಬೇರೆ ಉಪಾಯ ಬೇಕು. ಮೊದಲ ದಿನ ಡಬ್ಲ್ಯು 180 ಮತ್ತು ಡಬ್ಲ್ಯು 450 ಮಾತ್ರ ಕೊಡಿ. ವ್ಯತ್ಯಾಸ ದೊಡ್ಡದು, ತಪ್ಪು ಕಡಿಮೆ, ಹುಡುಗಿಗೆ ಧೈರ್ಯ ಬರುತ್ತದೆ. ಮರುದಿನ 210 ಮತ್ತು 320. ಅದು ಬಂದ ಮೇಲೆ 240 ಮತ್ತು 320. ಆಮೇಲೆ ಎಲ್ಲವನ್ನೂ ಬೆರೆಸಿ. ಮೇಜಿನ ಅಂಚಿಗೆ ಮಾದರಿಯ ತಟ್ಟೆ ಇರಲಿ, ಅದರಲ್ಲಿ ಚಂದದ ತಿರುಳುಗಳಿಗಿಂತ ಗಡಿಯಲ್ಲಿರುವ ತಿರುಳುಗಳು ಹೆಚ್ಚಿರಲಿ. 240ರಲ್ಲಿ ಅತಿ ಸಣ್ಣದು, 320ರಲ್ಲಿ ಅತಿ ದೊಡ್ಡದು, ಬಿಳಿ ಎನ್ನಬಹುದಾದ ಕೊನೆಯ ಬಣ್ಣ, ಕಂದಿದ್ದು ಎನ್ನಬೇಕಾದ ಮೊದಲ ಬಣ್ಣ. ನಿರ್ಧಾರ ಕಷ್ಟವಾಗುವುದು ಗಡಿಯಲ್ಲೇ. ಮಾದರಿಯನ್ನು ವಾರಕ್ಕೊಮ್ಮೆ ಬದಲಿಸಿ, ಇಟ್ಟಷ್ಟೂ ಬಣ್ಣ ತಿರುಗುತ್ತದೆ. ದಿನದ ಕೊನೆಗೆ ಐದು ನಿಮಿಷದ ಪರೀಕ್ಷೆ: ನೂರು ತಿರುಳಿನಲ್ಲಿ ಹತ್ತು ತಪ್ಪು ತಿರುಳು ಬೆರೆಸಿ ಕೊಡಿ, ಎಷ್ಟು ಹೆಕ್ಕಿದಳು, ಸರಿಯಿದ್ದದ್ದನ್ನು ಎಷ್ಟು ತಪ್ಪೆಂದು ತೆಗೆದಳು, ಎರಡನ್ನೂ ಬರೆದಿಡಿ. ಬೆಳಕು ಮಾತ್ರ ಎಲ್ಲ ಮೇಜಿಗೂ ಒಂದೇ ಇರಬೇಕು. ಕಿಟಕಿಯ ಪಕ್ಕ ಕಲಿತ ಕಣ್ಣು ಟ್ಯೂಬ್‌ಲೈಟಿನ ಕೆಳಗೆ ಮೋಸ ಹೋಗುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು.

ಈಗ ಯಾರೂ ಹೆಚ್ಚು ಮಾತಾಡದ ವಿಷಯ: ದುಡ್ಡು. ಪೀಸ್ ರೇಟಿನಲ್ಲಿ, ಅಂದರೆ ಮಾಡಿದಷ್ಟಕ್ಕೆ ಕೂಲಿ ಎಂಬ ಲೆಕ್ಕದಲ್ಲಿ, ದುಡಿಯುವ ಹಿರಿಯಾಕೆಯ ಪಕ್ಕ ಹೊಸಬಳನ್ನು ಕೂರಿಸಿ "ಸ್ವಲ್ಪ ಹೇಳಿಕೊಡಿ ಅಕ್ಕ" ಎನ್ನುತ್ತೀರಿ. ಅವಳು ಹೇಳಿಕೊಡುವ ಪ್ರತಿ ನಿಮಿಷ ಅವಳ ಕೂಲಿಯಿಂದ ಹೋಗುತ್ತದೆ. ಮನೆ ನಡೆಸಬೇಕಾದ ಹೆಂಗಸು ಎಷ್ಟು ದಿನ ಧರ್ಮಕ್ಕೆ ಕಲಿಸಿಯಾಳು? ಅವಳ ಕಡೆಯ ಮೂರು ತಿಂಗಳ ದಿನದ ಸರಾಸರಿ ಗಳಿಕೆ ತೆಗೆಯಿರಿ, ಕಲಿಸುವ ಗಂಟೆಗಳಿಗೆ ಆ ಲೆಕ್ಕದಲ್ಲಿ ಕೊಡಿ, ಮೇಲೆ ಸ್ವಲ್ಪ ಸೇರಿಸಿ ಕೊಡಿ. ಕಲಿಯುವವಳದ್ದೂ ಅದೇ ಕಥೆ. ಮೊದಲ ತಿಂಗಳು ಪೀಸ್ ರೇಟಿಗೆ ಹಾಕಿದರೆ ಕೈ ಓಡುವುದಿಲ್ಲ, ವಾರದ ಕೊನೆಗೆ ಬಸ್ ಚಾರ್ಜ್ ಕಳೆದು ಏನೂ ಉಳಿಯುವುದಿಲ್ಲ, ಅವಸರದಲ್ಲಿ ಮಾಡಿದ್ದು ತಪ್ಪಾಗುತ್ತದೆ. ಮೊದಲ ಆರು ವಾರ ಕನಿಷ್ಠ ವೇತನಕ್ಕೆ ಕಡಿಮೆಯಾಗದ ನಿಗದಿ ದಿನಗೂಲಿ ಕೊಟ್ಟು, ಆಮೇಲೆ ಪೀಸ್ ರೇಟಿಗೆ ತನ್ನಿ. ತಾಳ್ಮೆ ಇಲ್ಲ ಎಂದು ನಾವು ಕರೆಯುವುದರಲ್ಲಿ ಬಹಳ ಪಾಲು ಈ ಲೆಕ್ಕವೇ. ನಮ್ಮ ಹುಡುಗರ ಮುಂದೆ ಬೆಂಗಳೂರು ಇದೆ, ಗಲ್ಫ್ ಇದೆ, ಬೈಕಿನಲ್ಲಿ ಊಟ ತಲುಪಿಸುವ ಕೆಲಸ ಇದೆ. ಅಲ್ಲಿ ಮೊದಲ ದಿನದಿಂದಲೇ ಎಷ್ಟು ಸಿಗುತ್ತದೆ ಎಂದು ಅವರಿಗೆ ಗೊತ್ತು.

ಕಲಿಸಲು ಆರಿಸುವಾಗ ಅತಿ ವೇಗದ ಕೈಯವರನ್ನೇ ಆರಿಸಬೇಡಿ. ಅವರಿಗೆ ನಿಧಾನ ಮಾಡುವುದು ಹಿಂಸೆ. ಎರಡು ಮೂರು ವರ್ಷದ ಹಿಂದೆ ತಾನೇ ಕಲಿತವರು ಒಳ್ಳೆಯದು, ಎಲ್ಲಿ ಎಡವಿದ್ದೆವು ಎನ್ನುವುದು ಅವರಿಗಿನ್ನೂ ನೆನಪಿರುತ್ತದೆ. ಒಬ್ಬರಿಗೆ ಇಬ್ಬರಿಗಿಂತ ಹೆಚ್ಚು ಹೊಸಬರನ್ನು ಕೊಡಬೇಡಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಯಕ್ಷಗಾನದ ಮೇಳಗಳು ಎಳೆಯರನ್ನು ಬೆಳೆಸಿದ ರೀತಿ ನೋಡಿ. ಬೆಳಗಿನವರೆಗೆ ನಡೆಯುವ ಆಟದಲ್ಲಿ ಹೊಸ ಹುಡುಗ ಮೊದಲು ಕಟ್ಟುವುದು ಪೂರ್ವರಂಗದ ಕೋಡಂಗಿ ವೇಷ. ಆಮೇಲೆ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ, ಅಲ್ಲಿಂದ ಪ್ರಸಂಗದ ಸಣ್ಣಪುಟ್ಟ ಪಾತ್ರ, ವರ್ಷಗಳು ಕಳೆದ ಮೇಲೆ ದೊಡ್ಡ ವೇಷ. ಕೋಡಂಗಿ ಸಣ್ಣದು, ಆದರೆ ಅದು ನಿಜವಾದ ರಂಗಸ್ಥಳ, ನಿಜವಾದ ಚೆಂಡೆ, ನಿಜವಾದ ಬಣ್ಣ, ಎದುರಿಗೆ ಜನ. ತಪ್ಪಿದರೆ ಇಡೀ ಆಟ ಕೆಡುವುದಿಲ್ಲ. ತನ್ನದು ಮುಗಿದ ಮೇಲೆ ಬೆಳಗಿನವರೆಗೂ ಹಿರಿಯರ ವೇಷ ನೋಡಲು ಅವಕಾಶ. ಸಣ್ಣದಾದರೂ ಪೂರ್ತಿಯಾದ ಕೆಲಸ ಎಂದರೆ ಇದು. ನಮ್ಮ ಆಫೀಸುಗಳಲ್ಲಿ ಬಿಕಾಂ ಮುಗಿಸಿದ ಹುಡುಗಿಗೆ ಎರಡು ತಿಂಗಳು ಜೆರಾಕ್ಸ್ ಮಾಡಿಸುತ್ತೇವೆ. ಅದರ ಬದಲು ಒಬ್ಬ ಸಣ್ಣ ಗ್ರಾಹಕನ ಒಂದು ತಿಂಗಳ ಬಿಲ್ಲುಗಳನ್ನು ಕೊಟ್ಟು, ನಮೂದಿಸುವುದರಿಂದ ಹಿಡಿದು ತಾಳೆ ನೋಡುವವರೆಗೆ ಪೂರ್ತಿ ಅವಳೇ ಮಾಡಲಿ, ಹೊರಗೆ ಹೋಗುವ ಮುಂಚೆ ನೀವು ಪರಿಶೀಲಿಸಿ. ಕೆಲಸದ ಆದಿ ಅಂತ್ಯ ಕಂಡವಳಿಗೆ ನಡುವಿನ ತಪ್ಪು ಕಾಣುತ್ತದೆ.

ಫೋನಿನ ವಿಷಯಕ್ಕೆ ಬರುತ್ತೇನೆ, ನೀವು ಕಾಯುತ್ತಿದ್ದೀರಿ ಎಂದು ಗೊತ್ತು. ಯಂತ್ರದ ಹತ್ತಿರ, ಆಹಾರ ಮುಟ್ಟುವ ಕೈಯಲ್ಲಿ ಫೋನ್ ಬೇಡವೇ ಬೇಡ. ಇದರಲ್ಲಿ ರಾಜಿ ಇಲ್ಲ, ಮಾಲೀಕರಿಗೂ ಇದೇ ನಿಯಮ. ಆದರೆ ಕಲಿಯಲು ಫೋನ್ ಒಳ್ಳೆಯ ಉಪಕರಣ. ಪ್ರತಿ ಹಾಳೆಯ ಕಷ್ಟದ ಹಂತಕ್ಕೊಂದು ವಿಡಿಯೊ ಮಾಡಿ, 40ರಿಂದ 90 ಸೆಕೆಂಡ್. ಮಾಡುವವರ ಭುಜದ ಮೇಲಿನಿಂದ ಹಿಡಿಯಿರಿ, ಆಗ ನೋಡುವವನಿಗೆ ತನ್ನದೇ ಕೈಯಂತೆ ಕಾಣುತ್ತದೆ. ಮುಖ ಬೇಡ, ಸಂಗೀತ ಬೇಡ. ಮಾತು ಕೆಲಸದ ಜಾಗದ ಭಾಷೆಯಲ್ಲಿರಲಿ. ನಮ್ಮಲ್ಲಿ ಅದು ತುಳು, ಕೊಂಕಣಿ, ಬ್ಯಾರಿ, ಕನ್ನಡ ಯಾವುದೂ ಆಗಬಹುದು, ಹೊರರಾಜ್ಯದ ಹುಡುಗರಿದ್ದರೆ ಹಿಂದಿಯದ್ದೊಂದು. ತುಳುವರು ಕನ್ನಡ ಲಿಪಿ ಓದುತ್ತಾರಾದ್ದರಿಂದ ಹಾಳೆ ಕನ್ನಡದಲ್ಲಿ, ವಿವರಣೆ ತುಳುವಿನಲ್ಲಿ ಎಂಬ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಇಂಗ್ಲಿಷಿನ ಎಸ್‌ಒಪಿಯನ್ನು, ಅಂದರೆ ಕೆಲಸದ ವಿಧಾನ ಬರೆದ ಕಾಗದವನ್ನು, ಗೋಡೆಗೆ ಹಚ್ಚಿ ಕೈ ತೊಳೆದುಕೊಳ್ಳುವುದರಿಂದ ಪ್ರಯೋಜನವಿಲ್ಲ.

ವಿಡಿಯೊಗಳನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ಶುಭೋದಯದ ಹೂಗಳ ಕೆಳಗೆ ಅವು ಹುಗಿದುಹೋಗುತ್ತವೆ, ವಿಧಾನ ಬದಲಾದ ಮೇಲೂ ಹಳೆಯದೇ ಸುತ್ತುತ್ತಿರುತ್ತದೆ. ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಪ್ರತಿಯೊಂದಕ್ಕೂ ಕ್ಯೂಆರ್ ಕೋಡ್ ತೆಗೆದು ಲ್ಯಾಮಿನೇಟ್ ಮಾಡಿ, ಯಂತ್ರದಿಂದ ನಾಲ್ಕು ಹೆಜ್ಜೆ ದೂರದ ಗೋಡೆಗೆ ಹಚ್ಚಿ. ನೋಡಬೇಕಾದವನು ಯಂತ್ರ ನಿಲ್ಲಿಸಿ ಅಲ್ಲಿಗೆ ಹೋಗಿ ನೋಡಲಿ. ಇನ್ನೊಂದು ಎಚ್ಚರ: ಬಿಗಿ, ವಾಸನೆ, ಬಿಸಿ ವಿಡಿಯೊದಲ್ಲಿ ಬರುವುದಿಲ್ಲ. ಬೋಲ್ಟ್ ಎಷ್ಟು ಬಿಗಿಯಬೇಕು, ಹಿಟ್ಟು ಹುಳಿ ಬಂದಿದೆಯೋ ಎಂಬುದು ಕೈ ಮೂಗಿನ ಕೆಲಸ. ಲೇತಿನ ಟೂಲ್ ಮೊಂಡಾದಾಗ ಬದಲಾಗುವ ಸದ್ದು ಫೋನಿನಲ್ಲಿ ಅರ್ಧ ಮಾತ್ರ ಕೇಳುತ್ತದೆ. ಅದಕ್ಕೆ ಪಕ್ಕದಲ್ಲಿ ಮನುಷ್ಯ ಬೇಕು.

ಕೌಂಟರಿನಲ್ಲಿ, ಆಸ್ಪತ್ರೆಯ ಬಿಲ್ಲಿಂಗಿನಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ತೊಡಕು ಬೇರೆ. ಹಲವು ಹುಡುಗ ಹುಡುಗಿಯರಿಗೆ ಗುರುತಿಲ್ಲದವರ ಫೋನ್ ಎತ್ತುವುದೆಂದರೆ ಎದೆ ಹೊಡೆದುಕೊಳ್ಳುತ್ತದೆ. ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಎಂಟು ವರ್ಷದ ಮಗುವೂ "ಯಾರು ಮಾತಾಡುವುದು? ಅಪ್ಪ ಇಲ್ಲ, ಎಂತ ಹೇಳಬೇಕು?" ಎಂದು ಕಲಿಯುತ್ತಿತ್ತು. ಈಗ ಆ ಅಭ್ಯಾಸ ಸಿಗುವುದಿಲ್ಲ. ಅದನ್ನು ಕೊರತೆ ಎಂದು ಹೀಯಾಳಿಸದೆ ಕಲಿಸಿ. ಐದು ಸಾಮಾನ್ಯ ಕರೆಗಳನ್ನು ಆರಿಸಿ: ವಿಚಾರಣೆ, ದೂರು, ತಪ್ಪು ನಂಬರ್, ಮೇಲಧಿಕಾರಿಯನ್ನು ಕೇಳುವವರು, ಕೋಪದಲ್ಲಿರುವವರು. ಮೊದಲ ಎರಡು ವಾಕ್ಯ ಬರೆದು ಕೊಡಿ, ಉಳಿದದ್ದು ಅವರದೇ ಮಾತಾಗಲಿ. ಪಕ್ಕದ ಕೋಣೆಯಿಂದ ನೀವೇ ಕರೆ ಮಾಡಿ ದಿನಕ್ಕೊಂದು ಅಭ್ಯಾಸ ಮಾಡಿಸಿ. ಹಳ್ಳಿಯಿಂದ ಬಂದ ವಯಸ್ಸಾದವರನ್ನು "ಅಮ್ಮ, ಕೂತ್ಕೊಳ್ಳಿ" ಎನ್ನಬೇಕೋ "ಮೇಡಂ" ಎನ್ನಬೇಕೋ ಎಂಬುದೂ ಅವರಿಗೆ ಗೊಂದಲವೇ. ಹೇಳಿಕೊಡಿ.

ತಿದ್ದುವುದರ ಬಗ್ಗೆ ಒಂದೇ ಮಾತು. ಎಲ್ಲರ ಮುಂದೆ ಬೈದರೆ ಹುಡುಗ ಕಲಿಯುವುದು ತಪ್ಪನ್ನು ಅಡಗಿಸಲು. ಕೆಟ್ಟ ತುಂಡು ಚರಂಡಿಗೆ ಹೋಗುತ್ತದೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಪಕ್ಕಕ್ಕೆ ಕರೆದು, ಕಂಡದ್ದನ್ನು ಹೇಳಿ, ಆಗಬೇಕಾದದ್ದನ್ನು ಹೇಳಿ, ಅಲ್ಲೇ ಮತ್ತೊಮ್ಮೆ ಮಾಡಿಸಿ. ಒಂದು ಸಲಕ್ಕೆ ಒಂದೇ ತಪ್ಪು.

ಯಾವಾಗ ಕಲಿಸುವುದು ಎಂಬುದಕ್ಕೆ ನಮ್ಮ ಕರಾವಳಿಯಲ್ಲಿ ಪ್ರಕೃತಿಯೇ ಸಮಯ ಕೊಟ್ಟಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರು ಬಂದರುಗಳನ್ನು ನಂಬಿದ ಸಂಸ್ಕರಣಾ ಘಟಕಗಳಿಗೆ ಕೆಲಸ ಕಡಿಮೆ. ಹೊಸಬರನ್ನು ಆಗಸ್ಟಿನಲ್ಲಿ ಬೋಟು ತುಂಬಿ ಬರುವಾಗ ಸೇರಿಸುವ ಬದಲು ಜುಲೈ ಮಧ್ಯದಲ್ಲಿ ಸೇರಿಸಿ. ಸಿಗಡಿ ಸುಲಿಯುವುದು, ಮೀನನ್ನು ಐಸಿನಲ್ಲಿ ಶೂನ್ಯದ ಹತ್ತಿರ ಹಿಡಿದಿಡುವುದು, ಹೆಪ್ಪುಗಟ್ಟಿದ ಮಾಲನ್ನು ಮೈನಸ್ 18 ಡಿಗ್ರಿಗಿಂತ ಮೇಲೆ ಏರದಂತೆ ನೋಡಿಕೊಳ್ಳುವುದು, ಥರ್ಮಾಮೀಟರಿನ ತುದಿಯನ್ನು ಮೀನಿನ ದಪ್ಪ ಭಾಗದ ನಡುವಿಗೆ ಚುಚ್ಚಿ ಓದುವುದು, ಇದನ್ನೆಲ್ಲ ಗದ್ದಲವಿಲ್ಲದಾಗ ಕಲಿಸಬಹುದು.

ಮೂವತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಗಳವರು 1961ರ ಅಪ್ರೆಂಟಿಸ್ ಕಾಯ್ದೆಯನ್ನು ನೆನಪಿಟ್ಟುಕೊಳ್ಳಿ. ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 2016ರಿಂದ ಇರುವ ಉತ್ತೇಜನ ಯೋಜನೆಯಲ್ಲಿ ಶಿಷ್ಯವೇತನದ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಆದರೆ ಅವರನ್ನು ಅಗ್ಗದ ಕೈ ಎಂದು ತಿಳಿದು ಒಂದೇ ಡ್ರಿಲ್ಲಿಂಗ್ ಯಂತ್ರದ ಮುಂದೆ ವರ್ಷವಿಡೀ ನಿಲ್ಲಿಸಿದರೆ ಅದು ಅನ್ಯಾಯ. ಗೋಡೆಗೆ ಒಂದು ಚಾರ್ಟ್ ಹಾಕಿ: ಎಡಕ್ಕೆ ಹೆಸರು, ಮೇಲೆ ಕೆಲಸಗಳು, ಪ್ರತಿ ಚೌಕದಲ್ಲಿ ನಾಲ್ಕು ಭಾಗದ ವೃತ್ತ. ನೋಡಿದ್ದರೆ ಒಂದು ಭಾಗ ತುಂಬಿಸಿ, ಸಹಾಯದೊಂದಿಗೆ ಮಾಡಿದರೆ ಎರಡು, ಒಬ್ಬನೇ ಮಾಡಿದರೆ ಮೂರು, ಇನ್ನೊಬ್ಬರಿಗೆ ಕಲಿಸಿದರೆ ಪೂರ್ತಿ. ತಿಂಗಳಿಗೊಮ್ಮೆ ತುಂಬಿ. ಯಾವ ಕೆಲಸಕ್ಕೆ ಒಬ್ಬರೇ ಇದ್ದಾರೆ, ಅವರು ರಜೆ ಹಾಕಿದರೆ ಏನಾಗುತ್ತದೆ ಎಂಬುದೂ ಅದರಲ್ಲೇ ಕಾಣುತ್ತದೆ. ಅಷ್ಟಮಿ, ನವರಾತ್ರಿಯ ಹೊತ್ತಿಗೆ ಹುಲಿವೇಷದ ತಂಡಕ್ಕೆ ಹೋಗುವ ಹುಡುಗರು ಇದ್ದೇ ಇರುತ್ತಾರೆ. ಆ ವಾರ ಹೊಸ ಪಾಠ ಇಟ್ಟುಕೊಳ್ಳಬೇಡಿ.

1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ನಮ್ಮ ಜಿಲ್ಲೆಯದ್ದು. ಯುವಕರಿಗೆ ಸ್ವಉದ್ಯೋಗ ಕಲಿಸುವ ಅದರ ಮಾದರಿಯನ್ನು ಮುಂದೆ ದೇಶವೇ ತೆಗೆದುಕೊಂಡಿತು. ಅದರ ಕ್ರಮದಲ್ಲಿ ಗಮನಿಸಬೇಕಾದದ್ದು ಒಂದೇ: ತರಬೇತಿ ಚಿಕ್ಕದು, ಆಮೇಲಿನ ಬೆನ್ನುಹತ್ತುವಿಕೆ ಉದ್ದದ್ದು. ಕಲಿತು ಹೋದವರನ್ನು ಕೈಬಿಡದೆ ವರ್ಷಗಳ ಕಾಲ ವಿಚಾರಿಸುತ್ತಾರೆ. ನಮ್ಮ ಕಾರ್ಖಾನೆಯಲ್ಲಿ ಅಷ್ಟು ಬೇಡ, ಮೂವತ್ತನೇ ದಿನ ಒಂದು ಹದಿನೈದು ನಿಮಿಷ ಸಾಕು. ಸೂಪರ್‌ವೈಸರ್ ಅಲ್ಲ, ಬೇರೆ ವಿಭಾಗದ ಒಬ್ಬರು ಹೊಸಬರ ಜೊತೆ ಕೂತು ಮೂರು ಪ್ರಶ್ನೆ ಕೇಳಲಿ. ಯಾವ ಕೆಲಸ ಮಾಡಲು ಇನ್ನೂ ಹೆದರಿಕೆಯಾಗುತ್ತದೆ? ನಾವು ಹೇಳಿಕೊಟ್ಟದ್ದರಲ್ಲಿ ನಿಜವಾದ ಕೆಲಸಕ್ಕೆ ಹೊಂದದೇ ಇದ್ದದ್ದು ಯಾವುದು? ಯಾರೂ ಹೇಳಿಕೊಡದೆ ನೀನೇ ಕಂಡುಹಿಡಿದದ್ದು ಏನು? ಉತ್ತರಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಎರಡನೇ, ಮೂರನೇ ಉತ್ತರ ಸಿಕ್ಕಿದ ದಿನವೇ ಆ ಕೆಲಸದ ಹಾಳೆ ತೆಗೆದು ತಿದ್ದಿ, ಕೆಳಗೆ ಹೊಸ ತಾರೀಕು ಹಾಕಿ, ಯಾರು ಹೇಳಿದ್ದರಿಂದ ತಿದ್ದಿದ್ದು ಎಂದು ಆ ಹುಡುಗನ ಹೆಸರನ್ನೂ ಬರೆಯಿರಿ.